ಒಂಬತ್ತನೇ ತರಗತಿಯ ಹಿಂದಿನ ಗೋಡೆ

ಜೂನ್ 14, ಶನಿವಾರ

ಪ್ರೀತಿಯ ಮೈದುನನಿಗೆ ಅತ್ತಿಗೆಯ ಆಶೀರ್ವಾದ.

ಫೋನಿನಲ್ಲಾದರೆ ಎರಡನೇ ಮಾತಿಗೇ ನನಗೆ ಅಳು ಬರುತ್ತದೆ. ನೀನು ಊಟದ ವಿಚಾರ ಕೇಳಿ ಫೋನು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರಲ್ಲಾದರೆ ಅಳು ಬಂದಾಗ ಪೆನ್ನು ಕೆಳಗಿಟ್ಟು, ಆಮೇಲೆ ಮುಂದುವರಿಸಬಹುದು.

ಕೆಲಸಕ್ಕೆ ಸೇರಿ ಹನ್ನೆರಡು ದಿನವಾಯಿತು. ನಿಮ್ಮಣ್ಣ ವಿಜ್ಞಾನ ಹೇಳಿಕೊಡುತ್ತಿದ್ದ ಶಾಲೆಯಲ್ಲೇ ಪ್ರಯೋಗಾಲಯದ ಸಹಾಯಕಿ. ಗಾಜಿನ ಸಾಮಾನು ತೊಳೆಯುವುದು, ಒರೆಸಿಡುವುದು, ಬೆಳಿಗ್ಗೆ ಎಲ್ಲ ಕೋಣೆಗಳ ಬೀಗ ತೆಗೆಯುವುದು, ಸಂಜೆ ಹಾಕುವುದು. ಒಂದು ವರ್ಷದವರೆಗೆ ಪರೀಕ್ಷಾರ್ಥವಂತೆ, ಕೆಲಸ ಸರಿಯಿದ್ದರೆ ಕಾಯಂ. ನಾನು ಓದಿದ್ದು ಹತ್ತನೇ ತರಗತಿ. ಅದಕ್ಕಿಂತ ಹೆಚ್ಚು ಕೇಳುವ ಕೆಲಸವೂ ಅಲ್ಲ.

ಕಪಾಟಿನಲ್ಲಿ ನಿಮ್ಮಣ್ಣನ ಪ್ರಾಜೆಕ್ಟ್ ಪುಸ್ತಕ ಸಿಕ್ಕಿತು. ನಿಮ್ಮ ಶಿಕ್ಷಣ ಇಲಾಖೆಯ ಆಫೀಸಿನಿಂದ ಹನ್ನೆರಡು ಪ್ರೌಢಶಾಲೆಗಳಿಗೆ ಬಂದ ಹೊಸ ಪದ್ಧತಿ ನಿನಗೆ ಗೊತ್ತಿರುವುದೇ. ಮಕ್ಕಳು ತಮ್ಮ ಸುತ್ತಲಿನ ಒಂದು ಪ್ರಶ್ನೆ ಹಿಡಿದು ವರ್ಷವಿಡೀ ಅದರ ಬೆನ್ನು ಹತ್ತಬೇಕು. ಇವರ ಮಕ್ಕಳು ಆರಿಸಿಕೊಂಡ ಪ್ರಶ್ನೆ, ‘ನಮ್ಮ ಕೋಣೆಯ ಹಿಂದಿನ ಗೋಡೆ ಬಿರುಕು ಬಿಡುತ್ತಿದೆಯೆ, ಇಲ್ಲ ಅದು ಹಳೆಯ ಬಿರುಕೆ?’ ಬಿರುಕಿಗೆ ಅಡ್ಡಲಾಗಿ ಸೂಕ್ಷ್ಮದರ್ಶಕದ ಸ್ಲೈಡುಗಳನ್ನು ಅಂಟಿಸಿದ್ದಾರೆ. ಗೋಡೆ ಅಲುಗಿದರೆ ಗಾಜು ಒಡೆಯಬೇಕು. ಪ್ರತಿ ಶನಿವಾರ ಕ್ಯಾಲಿಪರ್ ಹಿಡಿದು ಬಿರುಕಿನ ಅಗಲ ಅಳೆಯುತ್ತಾರೆ. ಶುರು ಮಾಡಿದ ಒಂಬತ್ತನೆಯವರು ಹತ್ತಕ್ಕೆ ಹೋದ ಮೇಲೆ, ಈಗಿನ ಒಂಬತ್ತನೆಯವರು ಮುಂದುವರಿಸಿದ್ದಾರೆ. ಜನವರಿಯಲ್ಲಿ ಒಂದು ಮಿಲಿಮೀಟರ್. ಇವತ್ತು ಮೂರು.

ಪುಸ್ತಕದಲ್ಲಿ ಡಿಸೆಂಬರ್‌ವರೆಗಿನ ಶನಿವಾರಗಳನ್ನೆಲ್ಲ ನಿಮ್ಮಣ್ಣ ಮೊದಲೇ ಬರೆದು, ಗೆರೆ ಎಳೆದಿಟ್ಟಿದ್ದಾರೆ. ಅವರು ಹೋದದ್ದು ಮಾರ್ಚ್ ಒಂದಕ್ಕೆ. ಆಮೇಲಿನ ತಾರೀಕುಗಳೂ ಅವರ ಕೈಬರಹದಲ್ಲೇ ಇವೆ.

ಇವತ್ತಿಗೆ ಇಷ್ಟು ಸಾಕು.

ನಿನ್ನ ಅತ್ತಿಗೆ


ಜೂನ್ 27

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಲಾಗಲಿಲ್ಲ. ಮನೆಗೆ ತಂದು ಓದಿದೆ. ನೀವು ಕೆಲಸಕ್ಕೆ ಸೇರಿದ್ದು ನನಗೆ ದೊಡ್ಡ ಸಮಾಧಾನ. ಅಣ್ಣ ಇಲ್ಲದ ಆ ಕಟ್ಟಡಕ್ಕೆ ದಿನಾ ಹೋಗುವುದು ಎಷ್ಟು ಕಷ್ಟವೋ ಊಹಿಸಬಲ್ಲೆ.

ಅಣ್ಣನಂಥ ಮೇಷ್ಟ್ರು ಹತ್ತು ಜನ ಸಿಕ್ಕಿದ್ದರೆ ನನ್ನ ಯೋಜನೆ ಎಂದೋ ಕಾಲೂರುತ್ತಿತ್ತು. ಇಲ್ಲಿ ಮೇಲಿನವರಿಗೆ ಇದರ ಮೇಲೆ ಅಷ್ಟು ನಂಬಿಕೆಯಿಲ್ಲ. ಮೊನ್ನೆಯ ಸಭೆಯಲ್ಲಿ ಒಬ್ಬರು, “ಪಾಠ ಮಾಡ್ರಪ್ಪಾ ಅಂದ್ರೆ ಮಕ್ಕಳಿಗೆ ತಕರಾರು ತೆಗೆಯೋದು ಕಲಿಸ್ತಿದೀರಲ್ಲ” ಅಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಮುಂದಿನ ವರ್ಷ ಇನ್ನೂರು ಶಾಲೆಗೆ ವಿಸ್ತರಿಸಬೇಕೋ, ಇಲ್ಲ ಇಲ್ಲಿಗೇ ಮಂಗಳ ಹಾಡಬೇಕೋ ಎನ್ನುವುದು ಈ ವರ್ಷ ತೀರ್ಮಾನವಾಗುತ್ತದೆ.

ಒಂದು ಕೊರಗು ಮಾತ್ರ ನನಗೆ ಉಳಿದುಬಿಟ್ಟಿದೆ. ಕೊನೆಯ ತಿಂಗಳುಗಳಲ್ಲಿ ಅಣ್ಣ ನನಗೆ ಏನೂ ಬರೆಯಲಿಲ್ಲ. ಬರೆದಿದ್ದರೆ ನಾನು ಏನಾದರೂ ಮಾಡಬಹುದಿತ್ತೇನೋ.

ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮೈದುನ


ಜುಲೈ 12, ಶನಿವಾರ

ಪ್ರೀತಿಯ ಮೈದುನನಿಗೆ,

ಕಾಗದ ತಲುಪಿತು.

ನಿಮ್ಮಣ್ಣ ಏನೂ ಬರೆಯಲಿಲ್ಲ ಎಂದಿದ್ದೀಯ. ನಿನ್ನ ಮೇಜಿನ ಖಾನೆಗಳನ್ನು ಇನ್ನೊಮ್ಮೆ ನೋಡು. ಕಾಗದ ಎಂದರೆ ಹಾಗೇ, ಒಂದರ ಅಡಿಗೆ ಒಂದು ಹೋಗಿಬಿಡುತ್ತದೆ.

ಇಲ್ಲಿ ವಿಜ್ಞಾನಕ್ಕೆ ಹೊಸ ಮೇಡಂ ಬಂದಿದ್ದಾರೆ. ಕೆಟ್ಟವರಲ್ಲ. ಚಿಕ್ಕ ವಯಸ್ಸು, ಹೆದರಿಕೆ ಜಾಸ್ತಿ. ಮೊದಲ ದಿನ ಮಕ್ಕಳು ಅಳತೆಗೆ ಹೊರಟಾಗ, “ಸಿಲಬಸ್ ಮುಗೀದಿದ್ರೆ ಯಾರು ಉತ್ತರ ಕೊಡ್ತಾರೆ?” ಅಂದರು. ಕ್ಲಾಸಿನಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳಿದ್ದಾಳೆ. ಕೇಳುವುದನ್ನು ನಿಲ್ಲಿಸುವುದೇ ಇಲ್ಲವೆಂದು ಎಲ್ಲರೂ ಅವಳನ್ನು ‘ಪ್ರಶ್ನೆಪತ್ರಿಕೆ’ ಎಂದೇ ಕರೆಯುತ್ತಾರೆ. ಅವಳು ಎದ್ದು, “ಮೇಡಂ, ಗೋಡೆ ಬಿದ್ರೆ ಯಾರು ಉತ್ತರ ಕೊಡ್ತಾರೆ?” ಅಂದಳು. ಕ್ಲಾಸೆಲ್ಲ ಗೊಳ್ಳೆಂದಿತು. ಮೇಡಂ ಅವಳನ್ನು ಹೊರಗೆ ನಿಲ್ಲಿಸಿದರು. ಹತ್ತು ನಿಮಿಷ ಬಿಟ್ಟು ತಾವೇ ಹೋಗಿ ಗೋಡೆ ನೋಡಿ ಬಂದು, ಅವಳನ್ನು ಒಳಗೆ ಕರೆದರು.

ಇವತ್ತಿನ ಅಳತೆ ಮೂರೂವರೆ. ಒಂದು ಸ್ಲೈಡು ಒಡೆದಿದೆ. ಗೋಡೆಯ ಹಿಂದೆ ಚರಂಡಿ ಹರಿಯುತ್ತದೆ. ಅದರ ನೀರು ತಳಪಾಯಕ್ಕೆ ಇಳಿಯುತ್ತಿದೆಯೇನೋ ಎಂದು ಮಕ್ಕಳು ಬರೆದಿದ್ದಾರೆ. ಆ ಗೋಡೆಗೆ ಬೆನ್ನು ಕೊಟ್ಟು ಎರಡು ಸಾಲು ಬೆಂಚುಗಳಿವೆ. ಒಟ್ಟು ಮೂವತ್ತೆಂಟು ಮಕ್ಕಳು.

ಕಟ್ಟಡ ನೋಡುವ ಎಂಜಿನಿಯರನ್ನು ಕಳಿಸಲು ನಿನ್ನ ಕೈಯಲ್ಲಾಗುತ್ತದೆಯೆ?

ನಿನ್ನ ಅತ್ತಿಗೆ


ಆಗಸ್ಟ್ 4

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ತಡವಾಯಿತು, ಕ್ಷಮಿಸಿ. ಸಭೆಗಳ ಮೇಲೆ ಸಭೆ.

ಶುಭ ಸುದ್ದಿ. ಸೆಪ್ಟೆಂಬರ್ 23ಕ್ಕೆ ನಮ್ಮ ನಿರ್ದೇಶಕರು ಯೋಜನೆಯ ಒಂದು ಶಾಲೆಗೆ ಖುದ್ದಾಗಿ ಭೇಟಿ ಕೊಡುತ್ತಾರೆ. ಯಾವ ಶಾಲೆ ಎನ್ನುವುದನ್ನು ವರದಿ ನೋಡಿ ಆರಿಸುತ್ತೇವೆ. ಎಲ್ಲ ಶಾಲೆಗಳಿಗೂ ನಮೂನೆ ಕಳಿಸಿದ್ದೇನೆ. ನಾಲ್ಕೇ ಅಂಕಣ: ಸಮಸ್ಯೆ, ವಿಧಾನ, ಪರಿಹಾರ, ಫಲಿತಾಂಶ. ಮಕ್ಕಳು ಬರೀ ಅಳೆಯುತ್ತ ಕೂತರೆ ಅದು ಪ್ರಾಜೆಕ್ಟ್ ಅನ್ನಿಸಿಕೊಳ್ಳುವುದಿಲ್ಲ ಅತ್ತಿಗೆ, ಏನಾದರೊಂದು ಪರಿಹಾರಕ್ಕೆ ಬರಬೇಕು. ನಿಮ್ಮ ಮೇಡಂಗೆ ಇದನ್ನು ಮೆಲ್ಲಗೆ ಹೇಳಿ.

ಎಂಜಿನಿಯರ್ ವಿಷಯ ಬೇರೆ ಇಲಾಖೆಯದು. ಶಾಲೆಯಿಂದಲೇ ಕ್ರಮವಾಗಿ ಬರಬೇಕು. ಹಳೆಯ ಕಟ್ಟಡಗಳಲ್ಲಿ ಬಿರುಕು ಇದ್ದೇ ಇರುತ್ತದೆ, ಹೆಚ್ಚು ಯೋಚಿಸಬೇಡಿ. ನೀವು ಮೊದಲೇ ನೊಂದಿದ್ದೀರಿ. ನೊಂದ ಮನಸ್ಸಿಗೆ ಎಲ್ಲವೂ ಬೀಳುವಂತೆಯೇ ಕಾಣುತ್ತದೆ.

ನಿಮ್ಮ ಮೈದುನ


ಆಗಸ್ಟ್ 25

ಪೂಜ್ಯ ಅತ್ತಿಗೆಯವರಿಗೆ,

ನಿಮ್ಮಿಂದ ಉತ್ತರವಿಲ್ಲ. ನನ್ನ ಮಾತಿನಿಂದ ಬೇಜಾರಾಯಿತೇ? ಹಾಗಿದ್ದರೆ ಈ ಕಾಗದ ಅದನ್ನು ಕಳೆಯುತ್ತದೆ.

ನಿಮ್ಮ ಶಾಲೆಯ ನಮೂನೆ ಇವತ್ತು ಕೈ ಸೇರಿತು. ಹನ್ನೆರಡು ಶಾಲೆಗಳಲ್ಲಿ ಇಂಥದ್ದು ಇನ್ನೊಂದಿಲ್ಲ. ಬಿರುಕು ಜನವರಿಯಲ್ಲಿ ಒಂದು, ಜೂನ್‌ನಲ್ಲಿ ಮೂರು, ಆಗಸ್ಟ್ ಮೊದಲ ವಾರ ಐದು ಮಿಲಿಮೀಟರ್. ಆಮೇಲೆ, ‘ಪರಿಹಾರ: ದುರಸ್ತಿ. ಫಲಿತಾಂಶ: ಅಗಲ ಸೊನ್ನೆ.’ ನಕ್ಷೆಯ ಗೆರೆ ಏರಿ ಏರಿ ಒಮ್ಮೆಲೇ ಕೆಳಗಿಳಿಯುತ್ತದೆ. ಮಕ್ಕಳು ಸಮಸ್ಯೆ ಕಂಡರು, ಅಳೆದರು, ಶಾಲೆ ಸರಿಪಡಿಸಿತು. ಇದಕ್ಕಿಂತ ಇನ್ನೇನು ಬೇಕು? ನಿರ್ದೇಶಕರ ಮುಂದಿಟ್ಟೆ. “ಇದೇ ಶಾಲೆಗೆ ಹೋಗೋಣ, ಇದೇ ಕೋಣೆಯಲ್ಲಿ ಮಕ್ಕಳ ಜೊತೆ ಕೂತ್ಕೊಳ್ಳೋಣ” ಅಂದರು. ಜೊತೆಗೆ ಇಪ್ಪತ್ತು ಜನ ಬರುತ್ತಾರೆ.

ಅಣ್ಣನ ಹೆಸರು ಇನ್ನೂರು ಶಾಲೆಗಳ ಕೈಪಿಡಿಯಲ್ಲಿ ಅಚ್ಚಾಗುತ್ತದೆ ಅತ್ತಿಗೆ. ನಾನು ಅವನಿಗೆ ಮಾಡಬಹುದಾದ್ದು ಇದೊಂದೇ.

ನಿಮ್ಮ ಮೈದುನ


ಸೆಪ್ಟೆಂಬರ್ 6, ಶನಿವಾರ

ಪ್ರೀತಿಯ ಮೈದುನನಿಗೆ,

ನಾನು ಬರೆಯದಿದ್ದದ್ದು ಬೇಜಾರಿಗಲ್ಲ. ಬರೆದರೆ ನಿನ್ನನ್ನು ಅಡಕತ್ತರಿಯಲ್ಲಿ ಸಿಕ್ಕಿಸಿದಂತಾಗುತ್ತದೆ ಎಂದು. ಈಗ ಬರೆಯದೆ ಇರಲಾಗುವುದಿಲ್ಲ.

ಆ ಸೊನ್ನೆ ಹೇಗೆ ಬಂತು ಎಂದು ಕೇಳು. ನಿಮ್ಮ ಭೇಟಿಯ ಸುದ್ದಿ ತಿಳಿದ ದಿನವೇ ಹೆಡ್‌ಮೇಷ್ಟ್ರು ಬಣ್ಣ ಬಳಿಯುವವನನ್ನು ಕರೆಸಿದರು. ಯಾವ ಶಾಲೆ ಆರಿಸುತ್ತೀರೋ ಗೊತ್ತಿಲ್ಲದಿದ್ದರೂ ನಮ್ಮದು ತಯಾರಿರಲಿ ಎಂದು. ನಾನು ಬೀಗ ತೆಗೆದುಕೊಟ್ಟು ಅಲ್ಲೇ ನಿಂತಿದ್ದೆ. ಅವನು ಸ್ಲೈಡುಗಳನ್ನೆಲ್ಲ ಕರಣೆಯಿಂದ ಕೆತ್ತಿ ಬೀಳಿಸಿದ. “ಇದೇನಮ್ಮ ಗೋಡೆಗೆ ಗಾಜಿನ ಪಟ್ಟಿ ಕಟ್ಟಿದೀರಾ, ಗಾಯ ಆಗಿತ್ತಾ?” ಅಂದ. ಹೌದು ಅಂದೆ. ನಕ್ಕು, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಎರಡು ಕೋಟು ಬಳಿದ. ಸಂಜೆ ಹೊತ್ತಿಗೆ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು.

ಆ ಶನಿವಾರ ಮಕ್ಕಳು ಅಳೆಯಲು ಹೋದರೆ ಅಳೆಯಲು ಏನೂ ಇಲ್ಲ. ಪುಸ್ತಕದಲ್ಲಿ ಏನು ಬರೆಯಬೇಕೆಂದು ಕೇಳಿದರು. ಮೇಡಂ, “ಕಾಣ್ತಿರೋದನ್ನ ಬರೀರಿ” ಅಂದರು. ಕಾಣುತ್ತಿದ್ದದ್ದು ಸೊನ್ನೆ. ಪರಿಹಾರದ ಅಂಕಣ ಖಾಲಿ ಬಿಟ್ಟರೆ ನಮೂನೆ ವಾಪಸು ಬರುತ್ತದೆಂದು ಹೆಡ್‌ಮೇಷ್ಟ್ರು ದುರಸ್ತಿ ಎಂದು ಬರೆಸಿದರು. ಯಾರೂ ಸುಳ್ಳು ಬರೆಯಲಿಲ್ಲ. ನಿನ್ನ ನಮೂನೆಯಲ್ಲಿ ನಾಲ್ಕು ಅಂಕಣ ಇದ್ದವು, ನಾಲ್ಕನ್ನೂ ತುಂಬಿದರು. ಅಷ್ಟೇ. ಮೇಲೆ ಥಳುಕು, ಒಳಗೆ ಹುಳುಕು.

ಬಣ್ಣದವನು ಹೊರಗಿನ ಮೈ ಮುಟ್ಟಲಿಲ್ಲ. ಅದು ಚರಂಡಿಯ ಕಡೆ, ಯಾರೂ ನೋಡುವುದಿಲ್ಲ. ಮಾರನೆಯ ವಾರ ಆ ಹುಡುಗಿ ಬಂದು, “ಅಕ್ಕಾ, ಗೋಡೆಗೆ ಎರಡು ಮುಖ ಇರುತ್ತಲ್ಲ?” ಅಂದಳು. ಇನ್ನೂ ಎರಡು ಸ್ಲೈಡು ಕೊಟ್ಟೆ. ಇದನ್ನು ಯಾರಿಗೂ ಹೇಳಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ. ಹೊರಗಿನ ಅಳತೆ ಆಗಸ್ಟ್ 23ಕ್ಕೆ ಐದೂವರೆ, 30ಕ್ಕೆ ಐದೂಮುಕ್ಕಾಲು, ಇವತ್ತು ಆರು ದಾಟಿದೆ.

23ರಂದು ನಿನ್ನ ಜನರನ್ನು ಆ ಕೋಣೆಯಲ್ಲಿ ಕೂರಿಸಬೇಡ. ಅದಕ್ಕೂ ಮೊದಲು ಮಕ್ಕಳನ್ನು ಎಬ್ಬಿಸು. ಹೆಡ್‌ಮೇಷ್ಟ್ರಿಗೆ ನೀನು ಒಂದು ಸಾಲು ಬರೆದರೆ ಸಾಕು, ಕೇಳುತ್ತಾರೆ. ನನ್ನ ಮಾತಿಗೆ, “ನೀವು ಬೀಗದ ಕೈ ನೋಡ್ಕೊಳ್ಳಿ ತಾಯಿ, ಗೋಡೆ ನಾವು ನೋಡ್ಕೋತೀವಿ” ಅಂದರು.

ನಿನ್ನ ಅತ್ತಿಗೆ


ಸೆಪ್ಟೆಂಬರ್ 12

ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ.

ದಯವಿಟ್ಟು ನನ್ನ ಪರಿಸ್ಥಿತಿ ಅರ್ಥ ಮಾಡಿಕೊಳ್ಳಿ. ಈಗ ಹೋಗಿ ಆ ಸೊನ್ನೆ ಸೊನ್ನೆಯಲ್ಲ ಎಂದರೆ, ನಿರ್ದೇಶಕರು ಇಡೀ ವರದಿಯನ್ನೇ ನಂಬುವುದಿಲ್ಲ. ಹನ್ನೆರಡು ಶಾಲೆಗಳ ಮಕ್ಕಳ ಕೆಲಸ ಕಸದ ಬುಟ್ಟಿಗೆ ಹೋಗುತ್ತದೆ. ಮತ್ತೆ ಪುಸ್ತಕ ನೋಡಿ ಬರೆದುಕೊಳ್ಳುವುದು, ಉರುಹೊಡೆಯುವುದು. ಅಣ್ಣ ಹೋರಾಡಿದ್ದು ಅದರ ವಿರುದ್ಧವೇ ಅಲ್ಲವೇ?

ಎಂಟು ತಿಂಗಳು ನಿಂತ ಗೋಡೆ ಇನ್ನು ಹನ್ನೊಂದು ದಿನ ನಿಲ್ಲುವುದಿಲ್ಲವೇ? 24ನೇ ತಾರೀಕು ಬೆಳಿಗ್ಗೆ ನಾನೇ ಎಂಜಿನಿಯರ್ ಮನೆಗೆ ಹೋಗುತ್ತೇನೆ, ಮಾತು ಕೊಡುತ್ತೇನೆ. ಅಲ್ಲಿಯವರೆಗೆ ಹೊರಗಿನ ಅಳತೆಯ ಸುದ್ದಿ ಹೊರಗೆ ಬರದಿರಲಿ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಎನ್ನುವುದನ್ನೂ ಮರೆಯಬೇಡಿ. ಹೆದರಿಸಲು ಹೇಳುತ್ತಿಲ್ಲ.

ನಿಮ್ಮ ಮೈದುನ


ಸೆಪ್ಟೆಂಬರ್ 20, ಶನಿವಾರ

ಮೈದುನನಿಗೆ,

ಇವತ್ತು ಒಂಬತ್ತು ಮಿಲಿಮೀಟರ್. ಎರಡು ಸ್ಲೈಡೂ ಒಡೆದಿವೆ. ಬಿರುಕಿಗೆ ಬೆರಳಿಟ್ಟರೆ ಒಳಗಿನ ತಂಪು ಗಾಳಿ ತಾಗುತ್ತದೆ.

ಈ ಕಾಗದ 23ಕ್ಕೆ ಮೊದಲು ನಿನಗೆ ಸಿಗುತ್ತದೋ ಇಲ್ಲವೋ. ಇವತ್ತು ಮಧ್ಯಾಹ್ನ ನಿನ್ನ ಆಫೀಸಿಗೆ ಮೂರು ಸಲ ಫೋನು ಮಾಡಿದೆ. ಸಭೆಯಲ್ಲಿದ್ದಾರೆ ಅಂದರು.

ಸೋಮವಾರದಿಂದ ನಾನು ಆ ಕೋಣೆಯ ಬೀಗ ತೆಗೆಯುವುದಿಲ್ಲ. ಯಾರು ಬಂದರೂ ಸರಿ. ನಿನಗೆ ತಿಳಿಸಬೇಕಿತ್ತು, ತಿಳಿಸಿದ್ದೇನೆ.

ಅತ್ತಿಗೆ


ಸೆಪ್ಟೆಂಬರ್ 24

ಪ್ರೀತಿಯ ಮೈದುನನಿಗೆ,

ನಿನಗೆ ಜ್ವರ, ಅದಕ್ಕೇ ಬರಲಾಗಲಿಲ್ಲ ಎಂದು ನಿಮ್ಮ ಆಫೀಸಿನವರು ಹೇಳಿದರು. ಈಗ ಹೇಗಿದ್ದೀಯ? ನೀನಿಲ್ಲದೆ ಏನೇನು ನಡೆಯಿತೆಂದು ನಾನೇ ಬರೆಯುತ್ತೇನೆ. ಬೇರೆಯವರು ಬೇರೆ ಥರ ಹೇಳಿರುತ್ತಾರೆ.

ಸೋಮವಾರ ಕ್ಲಾಸು ಪ್ರಯೋಗಾಲಯದಲ್ಲಿ ನಡೆಯಿತು. ಬೀಗ ಕೆಟ್ಟಿದೆ ಅಂದೆ. ಅದೊಂದು ಸುಳ್ಳು ಹೇಳಿದೆ. ಮಂಗಳವಾರ ಆ ಸುಳ್ಳು ನಡೆಯಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಹೆಡ್‌ಮೇಷ್ಟ್ರು ಬಂದು ಕೈ ಚಾಚಿದರು.

“ಕೀಲಿ ಕೊಡಿ.”

“ಕೊಡಲ್ಲ ಸಾರ್.”

“ಏನಂದ್ರಿ?”

“ಆ ಕೋಣೇಲಿ ಮಕ್ಕಳನ್ನ ಕೂರಿಸೋದು ಬೇಡ. ಹಿಂದುಗಡೆ ಬನ್ನಿ, ತೋರಿಸ್ತೀನಿ.”

“ನೋಡಿ ತಾಯಿ, ನಿಮ್ಮ ಯಜಮಾನ್ರು ದೊಡ್ಡ ಮನುಷ್ಯರು. ಅವರ ಮುಖ ನೋಡಿ ನಿಮಗೆ ಕೆಲಸ ಕೊಡಿಸಿದ್ದು. ಅವರಿಗೆ ಹೆಸರು ಬರೋ ದಿನಾನೇ ಹೀಗೆ ಮಾಡ್ತೀರಾ?”

ಕೀಲಿ ಗೊಂಚಲು ಗಲಗಲ ಎನ್ನಬಾರದೆಂದು ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದೆ. ಅವರು ಸುತ್ತಿಗೆ ತರಿಸಲು ಆಳನ್ನು ಕಳಿಸಿದರು. ಅಷ್ಟರಲ್ಲಿ ಕಾರುಗಳು ಬಂದವು.

ನಿಮ್ಮ ನಿರ್ದೇಶಕರು ವಯಸ್ಸಾದವರು, ಮೆಲು ಮಾತು. ಮುಚ್ಚಿದ ಬಾಗಿಲು, ವರಾಂಡದಲ್ಲಿ ಸಾಲಾಗಿ ನಿಂತ ಮಕ್ಕಳು, ಸುತ್ತಿಗೆ ಹಿಡಿದ ಆಳು, ಎಲ್ಲವನ್ನೂ ಒಂದು ಸಲ ನೋಡಿದರು. “ಪ್ರಾಜೆಕ್ಟ್ ಒಳಗಿದೆಯಾ?” ಅಂತ ಮಕ್ಕಳನ್ನೇ ಕೇಳಿದರು.

“ಇಲ್ಲ ಸಾರ್, ಹಿಂದುಗಡೆ ಇದೆ. ಬನ್ನಿ, ಚರಂಡಿ ನೋಡ್ಕೊಂಡು ಕಾಲಿಡಿ” ಅಂದಳು ನಮ್ಮ ಪ್ರಶ್ನೆಪತ್ರಿಕೆ.

ಇಪ್ಪತ್ತು ಜನ ಪ್ಯಾಂಟು ಎತ್ತಿಕೊಂಡು ಅವಳ ಹಿಂದೆ ಹೋದರು. ಅವಳು ಕ್ಯಾಲಿಪರ್ ಇಟ್ಟು ತೋರಿಸಿದಳು. ಮೂರು ದಿನದಲ್ಲಿ ಒಂಬತ್ತೂವರೆ ಆಗಿತ್ತು. ಅವರು ಅವಳ ಕೈಯಿಂದ ಕ್ಯಾಲಿಪರ್ ತೆಗೆದುಕೊಂಡು ತಾವೇ ಇನ್ನೊಮ್ಮೆ ಅಳೆದರು. ಆಮೇಲೆ ನಿಮ್ಮ ನಮೂನೆ ಬಿಚ್ಚಿ ನೋಡಿದರು.

“ಇದರಲ್ಲಿ ಸೊನ್ನೆ ಇದೆಯಲ್ಲಮ್ಮ?”

“ಅದು ಬಣ್ಣದ ಅಳತೆ ಸಾರ್. ಇದು ಗೋಡೇದು.”

ಯಾರೂ ನಗಲಿಲ್ಲ. ಮೇಡಂ ಅತ್ತರು. ತಪ್ಪು ನನ್ನದು ಅಂದರು, ನಿಜವಾಗಿ ಅವರದೊಬ್ಬರದೇ ಅಲ್ಲ. ನಿರ್ದೇಶಕರು ಅಲ್ಲೇ ನಿಂತು ಕೋಣೆ ಮುಚ್ಚಲು ಬರೆದುಕೊಟ್ಟರು. ಬರೆಯುತ್ತಾ, “ಇದು ಮೊದಲೇ ನಮ್ಮಲ್ಲಿ ಯಾರಿಗಾದ್ರೂ ತಿಳಿದಿತ್ತಾ?” ಎಂದು ಕೇಳಿದರು.

ಹೆಡ್‌ಮೇಷ್ಟ್ರು ಇಲ್ಲ ಅಂದರು. ನಿಮ್ಮ ಆಫೀಸಿನವರು ಇಲ್ಲ ಅಂದರು. ನಿರ್ದೇಶಕರು ನನ್ನ ಕಡೆಯೂ ನೋಡಿದರು. ನಾನು ಏನೂ ಹೇಳಲಿಲ್ಲ.

ಸಂಜೆ ನನಗೆ ಕಾರಣ ಕೇಳಿ ನೋಟಿಸು ಬಂತು. ಮೇಲಧಿಕಾರಿಯ ಆಜ್ಞೆ ಮೀರಿದ್ದಕ್ಕೆ. ಉತ್ತರಕ್ಕೆ ಹದಿನೈದು ದಿನ.

ಜ್ವರ ಇಳಿಯಿತೇ ಬರೆ.

ನಿನ್ನ ಅತ್ತಿಗೆ


ಸೆಪ್ಟೆಂಬರ್ 29

ಅತ್ತಿಗೆ,

ನನಗೆ ಜ್ವರವಿರಲಿಲ್ಲ.

ಅಣ್ಣನ ಕಾಗದ ಬಂದಿತ್ತು. ಫೆಬ್ರವರಿ 12ರ ತಾರೀಕು, ನಾಲ್ಕು ಹಾಳೆ. ಮಕ್ಕಳ ಅಳತೆಗಳನ್ನು ಸೇರಿಸಿ, ಕಟ್ಟಡ ಪರೀಕ್ಷೆ ಮಾಡಿಸು ಎಂದು ನನಗೆ ಬರೆದಿದ್ದ. ತಮ್ಮನಿಗಲ್ಲ, ಅಧಿಕಾರಿಗೆ ಬರೆದ ಹಾಗೆ, ‘ಮಾನ್ಯರೆ’ ಎಂದು ಶುರು ಮಾಡಿದ್ದ. ಅದೇ ವಾರ ಯೋಜನೆಯನ್ನು ಮುಂದುವರಿಸುವ ಮಂಜೂರಾತಿಯ ಸಭೆ ಇತ್ತು. ಮೊದಲ ಪ್ರಾಜೆಕ್ಟೇ ಇಲಾಖೆಯ ಮೇಲೆ ದೂರು ಎಂದರೆ ಬಾಗಿಲು ಮುಚ್ಚಿದ ಹಾಗೆ. ಸಭೆ ಮುಗಿಯಲಿ ಎಂದು ಖಾನೆಯ ಅಡಿಗೆ ಇಟ್ಟೆ.

ಸಭೆ ಮುಗಿಯಿತು, ಅಣ್ಣ ಹೋದ. ಆಮೇಲೆ ಆ ಖಾನೆ ತೆರೆದರೆ ಅವನ ಅಕ್ಷರ ಕಾಣುತ್ತಿತ್ತು. ಮುಚ್ಚಿಬಿಡುತ್ತಿದ್ದೆ. ಇದು ನೆಪವೂ ಹೌದು, ನಿಜವೂ ಹೌದು. ಯಾವುದು ಎಷ್ಟು ಎಂದು ನನಗೇ ಗೊತ್ತಿಲ್ಲ. ನಿಮಗೆ ಬರೆದ ಮೊದಲ ಕಾಗದದಲ್ಲೇ ಅವನು ಏನೂ ಬರೆಯಲಿಲ್ಲ ಎಂದು ಸುಳ್ಳು ಹೇಳಿದೆ. ಒಮ್ಮೆ ಹೇಳಿದ ಮೇಲೆ ಅದನ್ನು ಸಾಕಬೇಕಾಯಿತು.

ಯೋಜನೆಯ ಕಡತ ಮೇಲಕ್ಕೆ ಹೋಗಿದೆ. ಉಳಿಯುತ್ತದೋ ಇಲ್ಲವೋ. ನಿಮ್ಮ ನೋಟಿಸಿಗೆ ಉತ್ತರವನ್ನು ನಾನು ಬರೆದುಕೊಡುತ್ತೇನೆ. ಅದು ಬಿಟ್ಟು ಇನ್ನೇನು ಮಾಡಲಿ, ನೀವೇ ಹೇಳಿ.

ನಿಮ್ಮ ಮೈದುನ


ಅಕ್ಟೋಬರ್ 4, ಶನಿವಾರ

ಪ್ರೀತಿಯ ಮೈದುನನಿಗೆ,

ಆ ಕಾಗದ ಇತ್ತೆಂದು ನನಗೆ ಗೊತ್ತಿತ್ತು. ಅಂಚೆಗೆ ಹಾಕಿದವಳೇ ನಾನು. ನಿಮ್ಮಣ್ಣನಿಗೆ ಅಷ್ಟರಲ್ಲಾಗಲೇ ನಡೆದರೆ ಎದೆ ಹಿಡಿಯುತ್ತಿತ್ತು. “ರಿಜಿಸ್ಟರ್ ಮಾಡಿಸಲೇ?” ಎಂದು ಕೇಳಿದ್ದಕ್ಕೆ, “ತಮ್ಮನಿಗೆ ಯಾಕೆ ರಿಜಿಸ್ಟರ್?” ಅಂದರು.

ಜೂನ್‌ನಿಂದ ಒಂದೊಂದು ಕಾಗದದಲ್ಲೂ ನೀನು ಹೇಳುತ್ತೀಯೇನೋ ಎಂದು ಕಾದೆ. ಬಾಯಿ ಬಿಟ್ಟು ಕೇಳಬೇಕಿತ್ತು, ಕೇಳಲಿಲ್ಲ. ನನಗೆ ಉಳಿದಿರುವ ನಂಟು ನೀನೊಬ್ಬನೇ, ಅದೂ ಬಿರುಕು ಬಿಟ್ಟರೆ ಎಂಬ ಹೆದರಿಕೆ. ನಾನು ಸಂಬಂಧ ನೋಡಿಕೊಂಡೆ, ನೀನು ಯೋಜನೆ ನೋಡಿಕೊಂಡೆ. ಮಕ್ಕಳು ಅಷ್ಟು ದಿನ ಆ ಗೋಡೆಗೆ ಒರಗಿ ಕೂತಿದ್ದರು. ಇದರಲ್ಲಿ ನನ್ನ ಪಾಲೂ ಇದೆ.

ಬುಧವಾರ ಎಂಜಿನಿಯರ್ ಬಂದಿದ್ದರು. ತಳಪಾಯದ ಮಣ್ಣು ಕೊಚ್ಚಿಹೋಗಿದೆಯಂತೆ. “ಹತ್ತು ವರ್ಷ ನಿಂತರೂ ನಿಲ್ಲಬಹುದು, ಇವತ್ತು ಸಂಜೆ ಬಿದ್ದರೂ ಬೀಳಬಹುದು” ಎಂದು ಹೇಳಿ, ಬಳಕೆಗೆ ಯೋಗ್ಯವಲ್ಲ ಎಂದು ಬರೆದರು. ಗೋಡೆ ಇನ್ನೂ ನಿಂತಿದೆ. ಹೆಡ್‌ಮೇಷ್ಟ್ರು ದಿನಾ ಒಂದು ಸಲ, “ಏನ್ ತಾಯಿ, ನಿಮ್ಮ ಗೋಡೆ ಬೀಳಲೇ ಇಲ್ವಲ್ಲ?” ಅನ್ನುತ್ತಾರೆ. ಬೀಳಲಿ ಎಂದು ನಾನು ಬೀಗ ಹಾಕಿದ್ದಲ್ಲವಲ್ಲ.

ನೋಟಿಸಿಗೆ ಉತ್ತರ ನಾನೇ ಬರೆದೆ. ಎರಡು ಸಾಲು. ಆಜ್ಞೆ ಮೀರಿದ್ದು ನಿಜ, ಕಾರಣ ಒಂಬತ್ತು ಮಿಲಿಮೀಟರ್ ಎಂದು. ನೀನು ಅದಕ್ಕೆ ಕೈ ಹಾಕಬೇಡ.

ಇನ್ನೇನು ಮಾಡಲಿ ಎಂದು ಕೇಳಿದ್ದೀಯ. ಕೇಳು.

ಯೋಜನೆ ಉಳಿಯುವುದು ಅನುಮಾನ ಎಂದು ಮೇಡಂ ಹೇಳಿದರೂ ಮಕ್ಕಳು ಬಿಟ್ಟಿಲ್ಲ. ಮೇಡಂ ಕೂಡ ಬಿಟ್ಟಿಲ್ಲ. ಇವತ್ತು ಆ ಹುಡುಗಿ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವುತ್ತಿದ್ದಳು. ಫೆಬ್ರವರಿ 8ರ ಶನಿವಾರದ ಸಾಲಿನ ಕೆಳಗೆ ನಿಮ್ಮಣ್ಣ ‘12ಕ್ಕೆ ಇಲಾಖೆಗೆ ಪತ್ರ ಬರೆದೆ’ ಎಂದು ಬರೆದಿದ್ದಾರೆ. ಮಕ್ಕಳು ಬೆರಳು ಮಡಿಸಿ, ಮತ್ತೆ ಕಾಗದದಲ್ಲಿ ಕೂಡಿ, ಅಂದಿನಿಂದ ಕೋಣೆ ಮುಚ್ಚಿದ ದಿನಕ್ಕೆ ಇನ್ನೂರ ಇಪ್ಪತ್ಮೂರು ದಿನ ಎಂದು ಲೆಕ್ಕ ಹಾಕಿದರು. ಅವರ ಹೊಸ ಪ್ರಶ್ನೆ ಅದೇ: ಪತ್ರ ಹೋದ ಮೇಲೂ ಇಷ್ಟು ದಿನ ಯಾಕೆ ಬೇಕಾಯಿತು? ಹೊಸ ಹಾಳೆಯ ತಲೆಯ ಮೇಲೆ ಬರೆದಾಯಿತು.

“ಯಾರನ್ನ ಕೇಳ್ಬೇಕು ಅಕ್ಕಾ? ಯಾರಿಗೆ ಗೊತ್ತಿರುತ್ತೆ?” ಅಂದಳು.

“ಒಬ್ಬರಿಗೆ ಗೊತ್ತಿದೆ, ಬರ್ತಾರಾ ಕೇಳ್ತೀನಿ” ಅಂದೆ. ಹೆಸರು ಹೇಳಲಿಲ್ಲ. ಅದನ್ನು ನೀನೇ ಹೇಳಬೇಕು.

ಮುಂದಿನ ಶನಿವಾರ 11ನೇ ತಾರೀಕು. ಹತ್ತು ಗಂಟೆಗೆ ಅವರು ಪ್ರಯೋಗಾಲಯದಲ್ಲಿ ಸೇರುತ್ತಾರೆ. ಮೂವತ್ತೆಂಟು ಜನರಿಗೂ ಸ್ಟೂಲು ಸಾಲುವುದಿಲ್ಲ, ಅರ್ಧ ಜನ ನಿಂತೇ ಇರುತ್ತಾರೆ. ನಿನಗೆ ಒಂದು ಕುರ್ಚಿ ಹಾಕಿಡುತ್ತೇನೆ. ಅಣ್ಣನ ನಾಲ್ಕು ಹಾಳೆ ತಗೊಂಡು ಬಾ.

ನಿನ್ನ ಅತ್ತಿಗೆ